ಅನುಮಾನಕ್ಕೆ ಕಾರಣವಾಗಿದೆ

ಜೂನ್ 3, ಸೋಮವಾರ

ಕ್ಲಾಸ್ ಮುಗಿಸಿ ಈಗ ಕೂತೆ. ಹುಡುಗಿಯರಲ್ಲಿ ಶಶಿಗೊಬ್ಬಳಿಗೆ ಇನ್ನೂ ಬ್ಲೌಸಿಗೆ ತೋಳು ಕೂರಿಸಲು ಬರುತ್ತಿಲ್ಲ. ಹೊಲಿ, ಬಿಚ್ಚು, ಮತ್ತೆ ಹೊಲಿ — ಇವತ್ತೆಲ್ಲ ಅಷ್ಟೇ. ಕಿಟಕಿ ತೆರೆಯಲಾಗಲಿಲ್ಲ. ಟಾಕೀಸಿನ ಹಿಂದುಗಡೆ ಮತ್ತೆ ಯಾರೋ ಕೋಳಿ ಪುಕ್ಕ ಸುರಿದು ಹೋಗಿದ್ದಾರೆ. ಸಿನಿಮಾ ನಿಂತು ಎಷ್ಟು ವರ್ಷವಾಯಿತೋ. ಚಾವಣಿ ಶೀಟು ಕುಸಿದಿದೆ. ಬಾಟಲಿ, ಕಸ, ಬೀದಿನಾಯಿ. ಮುಂದಿನ ಕೋಣೆಯೊಂದೇ ಗಟ್ಟಿಯಾಗಿರುವುದು. ಮಾಲೀಕರು ಮಹದೇವಪ್ಪ ಅದನ್ನು ನನ್ನ ಹೊಲಿಗೆ ಕ್ಲಾಸಿಗೆ ಬಿಟ್ಟುಕೊಟ್ಟಿದ್ದಾರೆ.

ಸ್ಪಂದನಾಗೆ ಫೋನ್ ಮಾಡಿದೆ. ಹೈಸ್ಕೂಲಿನಲ್ಲಿ ಒಂದೇ ಬೆಂಚು ನಾವು. ಈಗ ಹುಣಸೂರಿನಲ್ಲಿ ಪೇಪರ್ ರಿಪೋರ್ಟರ್.

"ಪಾಳು ಕಟ್ಟಡಗಳ ಮೇಲೇ ಸೀರೀಸ್ ಮಾಡ್ತಿದ್ದೀನಿ ಕಣೆ. ಕೆ.ಆರ್. ನಗರದ್ದು ಆಯ್ತು, ಕೋಟೆದು ಆಯ್ತು. ಪಿರಿಯಾಪಟ್ಟಣಕ್ಕೆ ನಿಂದೇ ಹಾಕ್ತೀನಿ ಬುಡು."

ಪೇಪರಲ್ಲಿ ಬಂದರೆ ಕಸವಾದರೂ ಹೋಗುತ್ತದೆ. ಖುಷಿ.

ಜೂನ್ 6, ಗುರುವಾರ

ಬಂದಿದ್ದಳು. ಉಪ್ಪಿಟ್ಟು ಮಾಡಿಕೊಂಡು ಹೋಗಿದ್ದೆ, ಎರಡು ಸಲ ಹಾಕಿಸಿಕೊಂಡಳು. ಹಿಂದೆ ಮುಂದೆ ಎಲ್ಲ ಫೋಟೊ. ಹುಡುಗಿಯರು ತಲೆ ಸರಿಮಾಡಿಕೊಂಡಿದ್ದೇ ಮಾಡಿಕೊಂಡಿದ್ದು! ಒಬ್ಬೊಬ್ಬರನ್ನೂ ಮಾತಾಡಿಸಿದಳು. ಯಾವ ಊರು, ಎಷ್ಟೊತ್ತಿಗೆ ಬರುತ್ತೀರಿ, ಯಾಕೆ ಕಲಿಯುತ್ತೀರಿ.

ಶಶಿ ಅಂದಳು: "ಬ್ಲೌಸ್ ಹೊಲಿಯದು ಕಲ್ತ್ರೆ ಕೈಯಾಗೆ ಕೆಲ್ಸ ಇರ್ತದಲ್ಲಕ್ಕ. ಈಗ್ಲೇ ಮದ್ವೆ ಬ್ಯಾಡ ಅಂತ ಅಪ್ಪಂಗೆ ಹೇಳ್ಬೋದು."

ಸ್ಪಂದನಾ ಅದನ್ನು ಬರೆದುಕೊಂಡಳು. ನೋಡಿದೆ ನಾನು, ಬರೆದುಕೊಂಡಳು.

ಜೂನ್ 14, ಶುಕ್ರವಾರ

ಬಂತು. ಮುಖಪುಟ. "ಪಾಳು ಟಾಕೀಸ್ ಈಗ ಪುಂಡರ ಅಡ್ಡೆ."

ಹೊಲಿಗೆ ಅನ್ನುವ ಮಾತೇ ಇಲ್ಲ. ಕೊನೆಯಲ್ಲಿ ಹೀಗಿದೆ — "ಸಂಜೆಯಾಗುತ್ತಿದ್ದಂತೆ ಹಳ್ಳಿಗಳಿಂದ ಯುವತಿಯರು ಇಲ್ಲಿಗೆ ಬಂದು ಹೋಗುತ್ತಿರುವುದು ಸಾರ್ವಜನಿಕರ ಅನುಮಾನಕ್ಕೆ ಕಾರಣವಾಗಿದೆ."

ಫೋಟೊದಲ್ಲಿ ಒಂದೂ ಮಷಿನ್ ಇಲ್ಲ. ಕತ್ತರಿಸಿದ್ದಾರೆ. ಮುರಿದ ಗೋಡೆ, ಬಾಟಲಿಗಳು, ಪಕ್ಕದಲ್ಲಿ ಒಳಗೆ ಹೋಗುತ್ತಿರುವ ಹುಡುಗಿಯ ಬೆನ್ನು. ಶಶಿಯ ಜಡೆ ಯಾರಿಗೆ ಗುರುತು ಸಿಗಲ್ಲ?

ಫೋನ್ ಮಾಡಿದೆ. "ಅಯ್ಯೋ, ನಾನು ಬರ್ದಿದ್ದೇ ಬೇರೆ ಕಣೆ! ಡೆಸ್ಕಲ್ಲಿ ಕುಂತು ತಿದ್ದೋರು ತಿರುಚವ್ರೆ. ಬುಡಲ್ಲ ನಾನು, ಜಗಳ ಆಡ್ತೀನಿ."

ಪಾಪ, ಅವಳೇನು ಮಾಡುತ್ತಾಳೆ.

ಜೂನ್ 15

ಕ್ಲಾಸಿಗೆ ಯಾರೂ ಇಲ್ಲ. ಬೆಟ್ಟದಪುರದಿಂದ ಮಹದೇವಪ್ಪ ಬಂದರು, ಕೈಯಲ್ಲಿ ಹೊಸ ಬೀಗ. ನನ್ನ ಮುಖ ನೋಡಲಿಲ್ಲ.

"ನಿನ್ ಮ್ಯಾಲೆ ಅನ್ಮಾನ ಇಲ್ಲ ಕಣವ್ವ. ನಮ್ಮನೇಲೂ ಹೆಣ್ಮಕ್ಕಳವ್ರೆ. ಊರ ಬಾಯಿ ಮುಚ್ಚಕಾಯ್ತದಾ?"

ಮಷಿನ್‌ಗಳನ್ನು ಗೂಡ್ಸ್ ಆಟೋದಲ್ಲಿ ಮನೆಗೆ ತಂದೆ. ಅಕ್ಕಪಕ್ಕದವರು ನಿಂತು ನೋಡಿದರು. ಒಬ್ಬರೂ ಕೈ ಜೋಡಿಸಲಿಲ್ಲ.

ಜೂನ್ 19, ಬುಧವಾರ

ಹುಣಸೂರಿಗೆ ಹೋಗಿದ್ದೆ, ಪೇಪರ್ ಆಫೀಸಿಗೆ. ಸ್ಪಂದನಾ ಇರಲಿಲ್ಲ. ಸಂಪಾದಕರು ರುದ್ರಸ್ವಾಮಿ ಕೂರಿಸಿ ಮಾತಾಡಿಸಿದರು. ಡೆಸ್ಕಿನವರು ಯಾರು, ಅವರನ್ನು ನೋಡಬೇಕು ಅಂದೆ.

ನಕ್ಕರು. "ಇಲ್ಲಿ ಡೆಸ್ಕ್ ಅಂದ್ರೆ ನಾನೇ ಕಣಮ್ಮ. ಸ್ಪಂದನಾ ಕಾಪಿಗೆ ನಾನು ಕೈ ಹಾಕಲ್ಲ, ಕ್ಲೀನಾಗಿ ಬರೀತಾಳೆ. ಫೋಟೊನೂ ಅವಳೇ ಕಟ್ ಮಾಡಿ ಕಳಿಸಿದ್ದು. ಸ್ಪಷ್ಟನೆ ಬೇಕಾದ್ರೆ ಬರ್ದುಕೊಡು, ಜಾಗ ಇದ್ರೆ ಹಾಕಣ."

ಬಸ್‌ಸ್ಟ್ಯಾಂಡಿನಿಂದಲೇ ಅವಳಿಗೆ ಫೋನ್. ರುದ್ರಸ್ವಾಮಿ ಅಂದಿದ್ದನ್ನು ಹೇಳಿದೆ. ಅದಕ್ಕೆ ಅವಳು —

"ಬರೀ ಕಸ ಅಂತ ಬರೆದ್ರೆ ಒಳಪುಟದ ಮೂಲೇಲಿ ಹಾಕ್ತಾರೆ ಕಣೆ. ಫ್ರಂಟ್ ಪೇಜಲ್ಲಿ ನನ್ ಹೆಸ್ರು ಬಂದಿದ್ದು ಇದೇ ಮೊದ್ಲು... ನಿನ್ ಹೆಸ್ರು ಎಲ್ಲೂ ಹಾಕಿಲ್ವಲ್ಲ?"

ಉಪಕಾರ ಮಾಡಿದವಳ ಹಾಗೆ.

ಜುಲೈ 2

ಶಶಿಯ ತಾಯಿ ಬಸವಮ್ಮ ಬಂದಿದ್ದರು. ಕೂರಲಿಲ್ಲ. ಶಶಿಗೆ ಮಿರ್ಲೆ ಕಡೆ ಗಂಡಂತೆ. ಮಾತುಕತೆ ಆಗಿಹೋಗಿದೆ.

"ಅವ್ರಪ್ಪ ಆ ಪೇಪರ್ನ ಮಡಚಿ ಜೇಬಲ್ಲೇ ಇಟ್ಕಂಡವ್ನೆ. ಮಗ್ಳು ಏನಾರಾ ಮಾತಾಡುದ್ರೆ ತಗ್ದು ತೋರ್‍ಸ್ತನೆ. ಅವ್ಳು ಈಗ ಮಾತೇ ಆಡಕಿಲ್ಲ ಕಣವ್ವ."

ಇವತ್ತಿನ ಪೇಪರಲ್ಲಿ ಒಂದು ಪುಟ್ಟ ಬಾಕ್ಸ್. "ವರದಿ ಫಲಶ್ರುತಿ: ಪಾಳು ಟಾಕೀಸಿಗೆ ಬೀಗ. ಸಾರ್ವಜನಿಕರ ಮೆಚ್ಚುಗೆ."

ಬೀಗ ಮುಂದಿನ ಕೋಣೆಗೆ ಮಾತ್ರ. ಹಿಂದೆ ಕುಡಿಯುವವರು ಕುಡಿಯುತ್ತಲೇ ಇದ್ದಾರೆ.

ಜುಲೈ 7, ಭಾನುವಾರ, ಮಧ್ಯಾಹ್ನ

ಸ್ಪಂದನಾ ಬಂದಿದ್ದಳು. ಬಾಗಿಲಲ್ಲೇ ಅಳು. "ತಪ್ಪಾಯ್ತು ಕಣೆ. ಶಶಿ ವಿಷ್ಯ ಕೇಳ್ದಾಗಿಂದ ಊಟ ಸೇರ್ತಿಲ್ಲ."

ಒಳಗೆ ಕರೆದೆ. ಮಾತಾಡಬಾರದು ಅಂದುಕೊಂಡಿದ್ದೆ. ಅವಳು ಕೈ ಹಿಡಿದುಕೊಂಡಳು, ಎಲ್ಲ ಬಂದುಬಿಟ್ಟಿತು — ಶಶಿಯ ಮದುವೆ, ಬೀದಿಯಲ್ಲಿ ಜನ ನೋಡುವ ರೀತಿ, ನನಗೆ ನಿದ್ದೆ ಬಾರದ್ದು. ನಾನೂ ಅತ್ತೆ. ಟೀ ಮಾಡಲು ಏಳುವಾಗ ಅವಳ ಫೋನಿಗೆ ಕೈ ತಾಗಿತು. ಮಂಚದ ಮೇಲೆ ಬೋರಲಾಗಿ ಇಟ್ಟಿದ್ದಳು. ತಿರುಗಿಸಿದೆ.

ರೆಕಾರ್ಡ್ ಆಗುತ್ತಿತ್ತು.

"ನಿನ್ ಪರ ಬರೆಯಕ್ಕೇ ಕಣೆ... ಒಳ್ಳೇ ಸ್ಟೋರಿ ಆಯ್ತದೆ..."

"ಅಳಿಸು."

ನನ್ನೆದುರೇ ಅಳಿಸಿದಳು. ಚಪ್ಪಲಿ ಹಾಕಿಕೊಳ್ಳುವಾಗಲೂ ಅಳುತ್ತಲೇ ಇದ್ದಳು. ಆ ಅಳು ಸುಳ್ಳಲ್ಲ. ಅವಳನ್ನು ನಾನು ಬಲ್ಲೆ. ಸುಳ್ಳಾಗಿದ್ದಿದ್ದರೆ ಸಮಾಧಾನವಿತ್ತು. ನಿಜವಾಗಿ ಅಳುತ್ತಲೇ ಅವಳು ರೆಕಾರ್ಡ್ ಒತ್ತಿದ್ದಳು.