ನಲವತ್ತೇಳು ನಂಬರಿನ ಬಿಲ್ಲೆ

ಸಿಂದಗಿ
೨೦ ಜನವರಿ ೨೦೨೫, ಸೋಮವಾರ

ತರನ್ನುಮಳ ಅಬ್ಬಾ ಅವರಿಗೆ ಸಗೀರಾಳ ಸಲಾಮ್.

ಎದೆಯ ನೀರು ತೆಗೆದ ಮೇಲೆ ಉಸಿರು ಹಗುರಾಯಿತೇ? ಗುಳಿಗೆ ಹೊತ್ತಿಗೆ ಸರಿಯಾಗಿ ನುಂಗುತ್ತೀರೋ, ದಿಂಬಿನ ಕೆಳಗೆ ಬಚ್ಚಿಡುತ್ತೀರೋ? ನಿಮ್ಮನ್ನು ಬಲ್ಲೆ, ಅದಕ್ಕೇ ಕೇಳಿದೆ. ನಿಮ್ಮ ತಮ್ಮ ಹತ್ತಿರ ಇದ್ದಾನಲ್ಲ ಎಂಬುದೊಂದೇ ಸಮಾಧಾನ. ಫೋನಿನಲ್ಲಿ ಹೇಳಿದರೆ ನಡುವೆಯೇ ಸಿಟ್ಟಾಗಿ ಇಟ್ಟುಬಿಡುತ್ತೀರಿ. ಅದಕ್ಕೆ ಮಿರಜಿಗೆ ಹೊರಟ ಫಕೀರಸಾಬನ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ.

ಎರಡು ವಾರ ನಿಮ್ಮಿಂದ ಮುಚ್ಚಿಟ್ಟೆ, ಮಾಫಿ ಮಾಡಿ. ನಿಮ್ಮ ಜೊತೆಯ ಹಮಾಲ ಖಂಡೆಪ್ಪ ಹೋಗಿಬಿಟ್ಟ. ತೊಗರಿ ಚೀಲ ಬೆನ್ನಿಗೇರಿಸಿಕೊಂಡವನು ಲಾರಿಯ ಹಲಗೆಯ ಮೇಲೆಯೇ ಕುಸಿದ. ಅಂಗಿಗೆ ಚುಚ್ಚಿದ್ದು ನಿಮ್ಮ ಹಮಾಲಿಯ ಹಿತ್ತಾಳೆ ಬಿಲ್ಲೆ, ನಲವತ್ತೇಳು. ತಿಂಗಳು ಗೈರಾದರೆ ಹಮಾಲರ ಸೊಸೈಟಿಯ ವಿಮೆ ನಿಲ್ಲುತ್ತದೆಂದು, ನೀವು ದವಾಖಾನೆ ಸೇರಿದ ದಿನದಿಂದ ಅದನ್ನೇ ಹಾಕಿಕೊಂಡು ನಿಮ್ಮ ಹೆಸರಿಗೆ ಹಾಜರಿ ಬರೆಸುತ್ತಿದ್ದ. ತನ್ನದನ್ನು ಗೂಟಕ್ಕೆ ನೇತುಹಾಕಿದ್ದ. "ನಿಂದೂ ನೋಡ್ಕೋಪಾ" ಎಂದು ನಾನಂದರೆ, "ಎಳ್ಳಮಾಸಿ ಹಬ್ಬ ಮುಗೀಲಿ ಭಾಬಿ, ಹಾಕ್ಕೋತೇನಿ. ನಾನೇನ್ ಇವತ್ತ ಸಾಯ್ತೇನೇನ್?" ಎಂದು ನಗುತ್ತಿದ್ದ. ಸತ್ತದ್ದು ತನ್ನ ಬಿಲ್ಲೆ ತೆಗೆದಿಟ್ಟ ಮೂವತ್ತಮೂರನೆಯ ದಿನ.

ಈಗ ಸೊಸೈಟಿಯ ಅಮೀನುದ್ದೀನ ಚಾಚಾ, "ಪುಸ್ತಕದಾಗ ಖಂಡೆಪ್ಪ ತಿಂಗಳ ಮ್ಯಾಲ ಗೈರ್ ಅದಾನವ್ವಾ, ಅವನ ಹೇಣ್ತಿಗೆ ವಿಮೆ ಹ್ಯಾಂಗ ಕೊಡ್ಲಿ?" ಎನ್ನುತ್ತಾರೆ. ಅಡತಿ ಅಂಗಡಿಗಳ ಸಾಲಿನಲ್ಲಿ ಎಲ್ಲರಿಗೂ ಗೊತ್ತು, ಎಲ್ಲರ ಬಾಯಿಗೂ ಬೀಗ. ಇನ್ನೊಬ್ಬರ ಬಿಲ್ಲೆ ಹಾಕದವರು ಅಲ್ಲಿ ಯಾರಿದ್ದಾರೆ? ಪಾಪ, ಖಂಡೆಪ್ಪನ ಬಾಳಮ್ಮನಿಗೆ ಈ ಹಾಜರಿಯ ಲೆಕ್ಕವೊಂದೂ ತಿಳಿಯದು. ಗಂಡನ ದಿನ ಮುಗಿಸಿ ನಿನ್ನೆ ಮನೆಗೆ ಬಂದಳು. ಆ ಬಿಲ್ಲೆಯನ್ನು ಹುಣಸೆಹಣ್ಣು ಹಚ್ಚಿ ಫಳಫಳ ತಿಕ್ಕಿ ತಂದಿದ್ದಳು. "ಅಣ್ಣಾರ್ದು ಐತಿ ಅಕ್ಕಾ, ಆರಾಮಾಗಿ ಬಂದು ಹಾಕ್ಕೊಳ್ಳಿ" ಎಂದು ನನ್ನ ಕೈಗಿಟ್ಟಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಚಹಾ ಕುಡಿಸಿ ಕಳಿಸಿದೆ.

ನಿಜ ಹೇಳಿದರೆ ಅವಳಿಗೆ ವಿಮೆ ಸಿಗುತ್ತದೆ, ನಿಮ್ಮದು ಹೋಗುತ್ತದೆ. ಡಾಕ್ಟರು ನನ್ನನ್ನು ಹೊರಗೆ ಕರೆದು ಏನು ಹೇಳಿದರೆಂದು ನಿಮಗೂ ಗೊತ್ತು. ನಾಳೆ ನನಗೂ ತರನ್ನುಮಳಿಗೂ ಇರುವ ಆಸರೆ ಅದೊಂದೇ. ಹೆದರಿಕೆಯಾಗುತ್ತದೆ ರೀ. ಆದರೂ ಕೈಮುಗಿದು ಕೇಳುತ್ತೇನೆ: "ಜೈನುದ್ದೀನನಾದ ನಾನು ಆ ದಿನಗಳಲ್ಲಿ ಮಿರಜಿನಲ್ಲಿದ್ದೆ, ನನ್ನ ಬಿಲ್ಲೆ ಹಾಕಿ ದುಡಿದವನು ಖಂಡೆಪ್ಪ" ಎಂದು ಬರೆದು ಫಕೀರಸಾಬನ ಕೈಗೆ ಕೊಡಿ.

ಅಲ್ಲಾಹ ನಿಮ್ಮ ಉಸಿರು ಕಾಯಲಿ. ಮಗಳ ಸಲಾಮ್.

ನಿಮ್ಮ
ಸಗೀರಾ

ತಾ.ಕ.: ನಿಮ್ಮ ಉತ್ತರ ಬರುವವರೆಗೆ ಕಾದರೆ ನನ್ನ ಮನಸ್ಸೇ ತಿರುಗೀತೆಂದು ಹೆದರಿ, ಈಗಷ್ಟೇ ಬಿಲ್ಲೆಯನ್ನೂ ನಿಮ್ಮ ದವಾಖಾನೆಯ ಚೀಟಿಯನ್ನೂ ಚಾಚಾರ ಮುಂದಿಟ್ಟು ಬಂದೆ. ನಿಮ್ಮ ಹೆಸರಿಗೂ ವಿಮೆಗೂ ಗೆರೆ ಎಳೆದು, ಬಾಳಮ್ಮನ ಅರ್ಜಿ ತೆಗೆದುಕೊಂಡರು. ಬೈಯುವುದಿದ್ದರೆ ಮನೆಗೆ ಬಂದು ಬೈಯಿರಿ. ಇನ್ನು ನೀವು ಸಾಯುವ ಹಾಗಿಲ್ಲ. ಗುಳಿಗೆ ತಪ್ಪಿಸಬೇಡಿ.