ಎಡಮನೆಯ ಗುರುಸಿದ್ಧವ್ವ

ಗದಗ, ಇಸವಿ ೨೩೯೧, ಫೆಬ್ರವರಿ ಮೂವತ್ತು.

ನಮ್ಮ ಹಿರಿಯರಿಗೆ,

ಈ ದಿನ ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲವೆಂದು ಬಲ್ಲೆ. ಸರ್ಕಾರ ಕೂಡಿಸಿತು, ನಾವು ತಲೆಯಾಡಿಸಿದೆವು. ನನ್ನ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಚಂಪವ್ವ, ಸೂಲಗಿತ್ತಿ.

ನಮ್ಮಲ್ಲಿ ‘ಎಡಮನೆ ಕಾಯಿದೆ’ ಇದೆ. ನಾನು ತಪ್ಪು ಮಾಡಿದರೆ ಶಿಕ್ಷೆ ನನಗಲ್ಲ, ನನ್ನ ಎಡಗಡೆಯ ಮನೆಯವರಿಗೆ. ಹಾಗಾಗಿ ಊರಿಗೆ ಪೊಲೀಸರೇ ಬೇಕಿಲ್ಲ. ದಿನಾ ಬೆಳಿಗ್ಗೆ ಎಡಗೋಡೆ ಮುಟ್ಟಿ ‘ನಿಮ್ಮ ಮನಿ ತಣ್ಣಗಿರಲಿ’ ಅನ್ನುತ್ತೇವೆ. ಹಬ್ಬದ ಮೊದಲ ಹೋಳಿಗೆ ಆ ಮನೆಗೇ ಹೋಗಬೇಕು. ಬಲಗೋಡೆಯನ್ನು ಮಾತ್ರ ಯಾರೂ ಮುಟ್ಟುವುದಿಲ್ಲ, ಆ ಮನೆಯವರ ತಪ್ಪಿಗೆ ನಮಗೆ ಕೇಡು ಬರುವುದು ಆ ಕಡೆಯಿಂದ. ನೋಡುವವರಿಗೆ ಎಂಥ ಅನ್ಯೋನ್ಯ ಅನಿಸಬೇಕು. ಭಯಕ್ಕೆ ಬೆಲ್ಲ ಸವರಿ ತಿನ್ನುತ್ತಿದ್ದೇವೆ, ಅಷ್ಟೇ.

ಮುಳುಗಿದ ಕರಾವಳಿಯಿಂದ ಓಡಿ ಬಂದವರನ್ನು ಮುಟ್ಟಬಾರದೆಂಬುದು ಇನ್ನೊಂದು ಕಾಯಿದೆ. ಮೊನ್ನೆ ಮಧ್ಯಾಹ್ನ ಅಂಥ ಒಬ್ಬ ತುಂಬುಬಸುರಿ ನನ್ನ ಹಿತ್ತಿಲಲ್ಲಿ ಬಿದ್ದು ನರಳುತ್ತಿದ್ದಳು. ಕೂಸು ಅಡ್ಡವಾಗಿತ್ತು. ಬಿಟ್ಟರೆ ಎರಡು ಜೀವ ಹೋಗುತ್ತವೆ. ಮುಟ್ಟಿದರೆ ಎಡಮನೆಯ ಗುರುಸಿದ್ಧವ್ವ ಉಪ್ಪಿನ ಗಣಿಗೆ ಹೋಗುತ್ತಾಳೆ, ಅಲ್ಲಿಂದ ಯಾರೂ ತಿರುಗಿ ಬಂದಿಲ್ಲ. ಶಾಲೆಯಲ್ಲಿ ನಿಮ್ಮ ಕಾಲದ ನೀತಿ ಕಲಿಸಿದ್ದರು: ಅನ್ಯಾಯದ ಕಾಯಿದೆಯನ್ನು ಮುರಿ, ಶಿಕ್ಷೆಯನ್ನು ನೀನೇ ಅನುಭವಿಸು. ಅನುಭವಿಸುವುದಕ್ಕೂ ಬಿಡದ ಕಾಯಿದೆಗೆ ಏನು ಮಾಡಬೇಕೆಂದು ಯಾವ ಮೇಷ್ಟ್ರೂ ಹೇಳಲಿಲ್ಲ.

ನರಳಾಟ ಕೇಳಿ ಗುರುಸಿದ್ಧವ್ವ ಬೇಲಿಯ ತನಕ ಬಂದಳು. ನಾನು ಬಾಯಿ ತೆರೆಯುವ ಮೊದಲೇ, “ನನ್ನ ಕೇಳಬ್ಯಾಡ ಚಂಪಿ. ಕೇಳಿದ್ರ ಒಲ್ಲೆ ಅಂತೀನಿ. ಕೇಳದ ಮಾಡು” ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಾಡಿದೆ. ಹೆಣ್ಣು ಕೂಸು. ಅದರ ಅಳು ಓಣಿಗೆಲ್ಲ ಕೇಳಿತು. ತಾಯಿ-ಕೂಸನ್ನು ಚಕ್ಕಡಿಯಲ್ಲಿ ಊರು ದಾಟಿಸಿದೆ.

ಇವತ್ತು ಬೆಳಿಗ್ಗೆ ಗಣಿಯ ಕಾವಲಿನವರು ಬಂದರು. ನನ್ನನ್ನು ಹಿಡಿಯಿರೆಂದು ಕೈ ಚಾಚಿದೆ, ಕಾಲಿಗೆ ಬಿದ್ದೆ. “ಹಿಂಗ್ ಮಾಡಬ್ಯಾಡ್ರಿ ಯಕ್ಕಾ. ನಿಮ್ಮನ್ನ ಒಯ್ಯಾಕ ನಮಗ ಹುಕುಂ ಇಲ್ರಿ” ಎಂದು ಮರ್ಯಾದೆಯಿಂದಲೇ ಪಕ್ಕಕ್ಕೆ ಸರಿಸಿದರು. ಗುರುಸಿದ್ಧವ್ವ ಗಂಟು ಕಟ್ಟಿಕೊಂಡು ಸಿದ್ಧಳಾಗಿದ್ದಳು. ನನ್ನ ಮುಖ ನೋಡಲಿಲ್ಲ. ಹೋಗುವಾಗ ತನ್ನ ಬಲಗಡೆಯ ನನ್ನ ಗೋಡೆಯನ್ನು, ಯಾರೂ ಮುಟ್ಟದ ಗೋಡೆಯನ್ನು, ಮುಟ್ಟಿ ಹೋದಳು.

ನಾನು ನ್ಯಾಯ ಮಾಡಿದೆನೋ, ಅವಳನ್ನು ಕೊಂದೆನೋ ತಿಳಿಯದು. ನಿಮ್ಮ ಮೇಲೆ ಸಿಟ್ಟೂ ಇದೆ. ಇಂಥ ಕಾಯಿದೆಗಳು ಮೊಳಕೆಯಲ್ಲಿದ್ದಾಗ ‘ಊರ ಉಸಾಬರಿ ನಮಗ್ಯಾಕೆ’ ಎಂದು ಸುಮ್ಮನಿದ್ದವರು ನೀವು. ಕೈ ಮುಗಿದು ಬೇಡುತ್ತೇನೆ, ಅನ್ಯಾಯದ ಕಾಯಿದೆಯನ್ನು ಬಂದ ದಿನವೇ ಮುರಿಯಿರಿ, ಏಟು ಇನ್ನೂ ನಿಮ್ಮ ಬೆನ್ನಿಗೇ ಬೀಳುವಾಗ. ಆ ಭಾಗ್ಯ ನನಗೆ ಸಿಗಲಿಲ್ಲ.