ಬೇಲಿಯ ಮೇಲಿನ ಕೌದಿ

ಮೇಘನಾ ದಂಡೆ, ಆಸ್ಪತ್ರೆಯ ವಸತಿಯಿಂದ
ಏಪ್ರಿಲ್ ೧೯, ಸೋಮವಾರ

ಪ್ರೀತಿಯ ಅಮ್ಮಾ,

ಸಲಾಂ. ನಿನ್ನ ಮೊಣಕಾಲು ನೋವು ಹೇಗಿದೆ? ಬಾರಿಸಾಲಿನಲ್ಲಿ ನೂರುನ್ ಅಕ್ಕನ ಮನೆಯ ಮೆಟ್ಟಿಲು ಬಹಳ ಕಡಿದು. ನಮಾಜಿಗೆಂದು ಮಹಡಿ ಹತ್ತಬೇಡ, ಕೆಳಗೇ ಚಾಪೆ ಹಾಸಿಕೊ. ಇದ್ರಿಸಣ್ಣ ಎದ್ದು ಓಡಾಡುತ್ತಿದ್ದಾನೆ. ನೀರಲ್ಲಿ ನೆನೆಸಿಟ್ಟ ತಂಗಳನ್ನಕ್ಕೆ ಹಸಿಮೆಣಸಿನಕಾಯಿ ಬೇಕೆಂದು ಹಟ ಮಾಡಿದನಂತೆ. ಕಾಲರಾ ಬಂದುಹೋದ ಹೊಟ್ಟೆಗೆ ಅದು ಬೇಡವೆಂದು ಹೇಳಿಕಳಿಸಿದ್ದೇನೆ. ಬಿಸಿ ಅನ್ನ ಮಾಡಿ ಹಾಕುವವರು ಮನೆಯಲ್ಲಿಲ್ಲ, ಅವನಾದರೂ ಏನು ಮಾಡಿಯಾನು.

ನಿನ್ನೆ ಇಲ್ಲಿ ತಿಳಿದದ್ದನ್ನು ನಿನಗೆ ಹೇಳಲೇಬೇಕು. ಪ್ರಯೋಗಾಲಯದಲ್ಲಿ ಒಬ್ಬನೇ ಕಾಲರಾ ರೋಗಿಯ ಭೇದಿಯನ್ನು ಎರಡು ಪಾಲು ಮಾಡಿದ್ದೆವು. ಒಂದನ್ನು ಹೊಸದಾಗಿರುವಾಗಲೇ ಇಲಿಮರಿಗಳ ಬಾಯಿಗೆ ಬಿಟ್ಟೆವು. ಇನ್ನೊಂದನ್ನು ಒಂದು ದಿನ ಕೊಳದ ನೀರಿನಲ್ಲಿಟ್ಟು, ಅಷ್ಟೇ ಕ್ರಿಮಿಗಳಿರುವಂತೆ ನೋಡಿ, ಬೇರೆ ಮರಿಗಳಿಗೆ ಕೊಟ್ಟೆವು. ಈ ಮರಿಗಳು ಏನೂ ಆಗಿಲ್ಲವೆಂಬಂತೆ ತಾಯಿಯ ಮೊಲೆ ಹುಡುಕುತ್ತಿದ್ದವು. ಹೊಸದನ್ನು ಕುಡಿದವುಗಳಲ್ಲಿ ಒಂದೂ ಉಳಿದಿರಲಿಲ್ಲ. ಪಾತ್ರೆ ಅದಲುಬದಲಾಗಿದೆಯೆಂದು ಮತ್ತೆ ಮಾಡಿದೆ. ಮತ್ತೆ ಹಾಗೇ ಆಯಿತು. ನಮ್ಮ ಮೇಲಿನವರಾದ ಫಿರ್ದೌಸಿ ಆಪಾ ನಕ್ಕುಬಿಟ್ಟರು: “ಏನೋ ತಮೀಮ್, ಜಿನ್ನು ಕಂಡೋನ ಹಾಗೆ ನಿಂತಿದ್ದೀಯ! ಕ್ರಿಮಿ ಅದೇ ಕಣೋ, ಈಗಷ್ಟೇ ಯಾವ ಮನೆಯಿಂದ ಎದ್ದು ಬಂತು ಅನ್ನೋದು ನೋಡು.”

ಆಪಾ ಬಿಡಿಸಿ ಹೇಳಿದ್ದು ಇಷ್ಟು. ರೋಗ ತರುವ ಜೀನುಗಳು ಆ ಕ್ರಿಮಿಯೊಳಗೆ ಸದಾ ಇರುತ್ತವೆ, ಆದರೆ ಸದಾ ಕೆಲಸ ಮಾಡುವುದಿಲ್ಲ. ಕೊಳದ ಪಾಚಿಗೆ ಅಂಟಿಕೊಂಡಿರುವಾಗ ಬಹುಪಾಲು ಮಲಗಿರುತ್ತವೆ. ಹೊಟ್ಟೆಯ ಬಿಸಿ, ಪಿತ್ತ ತಾಗಿದೊಡನೆ ಕ್ರಿಮಿಗೆ ತಾನೆಲ್ಲಿದ್ದೇನೆಂದು ತಿಳಿಯುತ್ತದೆ. ಕರುಳಿಗೆ ಅಂಟುವ ಜೀನು, ವಿಷ ಮಾಡುವ ಜೀನು ಎಚ್ಚರಾಗುತ್ತವೆ. ಹೊರಗೆ ಬರುವ ಹೊತ್ತಿಗೆ ಕೆಲವು ಮಲಗಿ, ಬೇರೆ ಕೆಲವು ಎದ್ದು, ಅದು ಮುಂದಿನ ಹೊಟ್ಟೆಗೆ ಸಜ್ಜಾಗಿರುತ್ತದೆ. ಆ ಸಜ್ಜು ಕೆಲವೇ ಗಂಟೆ. ಅಷ್ಟರೊಳಗೆ ಇನ್ನೊಬ್ಬರ ಬಾಯಿಗೆ ಹೋದರೆ ತೀರ ಸ್ವಲ್ಪವೇ ಸಾಕು. ತಡವಾದರೆ ಮಂಕಾಗುತ್ತದೆ, ಬಿಸಿಲಿಗೆ ಚೆನ್ನಾಗಿ ಒಣಗಿದರೆ ಸತ್ತೇಹೋಗುತ್ತದೆ.

ಕೇಳುತ್ತ ಕೇಳುತ್ತ ನನಗೆ ನಮ್ಮ ಅಂಗಳದ ಬಿದಿರು ಬೇಲಿ ಕಂಡಿತು. ಅಣ್ಣನಿಗೆ ಕಾಲರಾ ಬಂದಾಗ ರಾಹೇಲಾ ಅತ್ತಿಗೆ ಹೊಲಸಾದ ಒಂದು ಕೌದಿಯನ್ನು ಆ ಬೇಲಿಯ ಮೇಲೆ ಬಿಸಿಲಿಗೆ ಹರವಿ, ಅವನ ಕಾಲ ಬಳಿ ನಿದ್ದೆಹೋಗಿದ್ದಳು. ಇನ್ನೊಂದು ಕೌದಿ ಬೆಳಗಿನ ಬಾಂಗಿಗೆ ಮೊದಲೇ ಕೊಳದಲ್ಲಿ ಹಿಂಡಿ ಒಗೆದಾಗಿತ್ತು. “ಗಂಡನ ಹೊಲಸು ಊರಿಗೆಲ್ಲ ತೋರಿಸ್ತಾ ಮಲಗಿದ್ದಾಳೆ ನೋಡು ನವಾಬಜಾದಿ! ನೊಣ ಹಂಚ್ತಾಳೆ ಮನೆಮನೆಗೆ!” ಎಂದು ನೀನು ಕೂಗಿದ್ದು ಆಚೆ ದಡಕ್ಕೂ ಕೇಳಿತ್ತು. ಆ ದಡದವರು ಅದೇ ಬೆಳಿಗ್ಗೆ ಅದೇ ಕೊಳದಲ್ಲಿ ಬಾಯಿ ಮುಕ್ಕಳಿಸಿ, ಕೊಡ ತುಂಬಿಕೊಂಡು ಹೋದರು. ಆಮೇಲೆ ಅಲ್ಲಿ ಮನೆಮನೆಗೂ ಭೇದಿ. ಕಾಸಿಂ ಚಾಚಾನ ಮೊಮ್ಮಗಳು ಝುಮುರ್ ಹೋಗಿಬಿಟ್ಟಳು. ಊರು ಅತ್ತಿಗೆಯತ್ತ ಬೆರಳು ಮಾಡಿತು. ಚೊಕ್ಕಟ ಕಲಿತು ಬಾ ಎಂದು ನಾವು ಅವಳನ್ನು ಅವಳ ಅಪ್ಪನ ದೋಣಿ ಹತ್ತಿಸಿದೆವು.

ಶುಕ್ರವಾರ ಹಿರಿಯರು ಸೇರುತ್ತಾರಂತೆ. ಅಣ್ಣ ಅವಳಿಗೆ ತಲಾಕ್ ಕೊಡಲಿ ಎಂಬ ಮಾತೆದ್ದಿದೆ. ಅವನು ಬೇಡವೆನ್ನುವ ಧೈರ್ಯದವನಲ್ಲ, ನಿನಗೆ ಗೊತ್ತು.

ಅಕ್ಕನಿಗೆ, ಭಾವನಿಗೆ ಸಲಾಂ. ಮಕ್ಕಳಿಗೆ ಮುತ್ತು. ಅಲ್ಲಾಹ್ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಮಗ,
ತಮೀಮ್

ಮರೆತ ಮಾತು: ಕಾಗದ ಒಯ್ಯುವ ಲಾಂಚು ಕೂಗುತ್ತಿದೆ. ಅಮ್ಮಾ, ಕೊಳದಲ್ಲಿ ಆ ಕೌದಿ ಒಗೆದದ್ದು ನೀನು. ನಿನಗೆ ಗೊತ್ತಿರಲಿಲ್ಲ, ನಿನ್ನೆಯವರೆಗೆ ನನಗೂ ಗೊತ್ತಿರಲಿಲ್ಲ. ಇನ್ನೂ ಯಾರಿಗೂ ಹೇಳಿಲ್ಲ. ಗುರುವಾರದ ಲಾಂಚಿಗೆ ಊರಿಗೆ ಬಂದುಬಿಡು, ದಡದಲ್ಲಿ ಕಾಯುತ್ತಿರುತ್ತೇನೆ. ನೀನು ಬಾರದಿದ್ದರೆ ಶುಕ್ರವಾರ ಕಾಸಿಂ ಚಾಚಾನ ಎದುರು ನಾನೇ ಎದ್ದು ಹೇಳಬೇಕಾಗುತ್ತದೆ.